ಉದ್ದದ ಸ್ಕ್ರೂ

"ಇದನ್ನ ನನ್ನ ತಂಗಿ ಮಾಡಿದ್ದು ಸಾರ್. ನಾನು ಕೈ ಕೂಡ ಹಾಕಿಲ್ಲ."

ಬಾಗಿಲು ತಳ್ಳಿ ಅಂಗಡಿಯೊಳಗೆ ಕಾಲಿಡುತ್ತಿದ್ದ ತಂಗಿಗೆ ಅಣ್ಣನ ಈ ಮಾತು ಕೇಳಿಸಿತು. ಅವಳಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ನೀರು ಹರಿಸಿ ತಂಪಾಗಿಡುವ ಕಂಪ್ಯೂಟರುಗಳನ್ನು ಗಿರಾಕಿ ಕೇಳಿದ ಹಾಗೆ ಕಟ್ಟಿಕೊಡುವ ಅಂಗಡಿ ಅದು. ಶುರುವಾಗಿ ಐದು ವರ್ಷ. ಕಟ್ಟುವವಳು ಅವಳು, ಮಾತಾಡುವವನು ಅವನು. ಆದರೆ ಗಿರಾಕಿಯ ಮುಂದೆ ಕಟ್ಟುವವನೂ ಅವನೇ ಆಗಿಬಿಡುತ್ತಿದ್ದ. 'ತಂಗಿ ಒಳಗೆ ಸ್ವಲ್ಪ ಕೈಜೋಡಿಸ್ತಾಳೆ' ಎನ್ನುತ್ತಿದ್ದ, ಅಷ್ಟೆ. ಈ ಐದು ವರ್ಷದಲ್ಲಿ ಅವನು ಒಂದು ಯಂತ್ರವನ್ನು ತೋರಿಸಿ 'ಇದು ಅವಳು ಮಾಡಿದ್ದು' ಎಂದದ್ದು ಇದೇ ಮೊದಲು. ಇವತ್ತು ಇವನಿಗೆ ಏನಾಯಿತು ಎಂದುಕೊಳ್ಳುತ್ತಲೇ ಅವಳು ಮೇಜಿನ ಕಡೆ ನೋಡಿದಳು.

ಮೇಜಿನ ತುಂಬ ನೀಲಿ ನೀರು. ಕಂಪ್ಯೂಟರಿನ ಗಾಜಿನ ಪೆಟ್ಟಿಗೆಯ ಮೇಲ್ಭಾಗಕ್ಕೆ ಬಿಗಿದಿದ್ದ, ನೀರಿನ ಬಿಸಿ ಕಳೆಯುವ ರೇಡಿಯೇಟರಿನಿಂದ ಹನಿ ಹನಿಯಾಗಿ ಸೋರಿ, ಕೆಳಗಿದ್ದ ಗ್ರಾಫಿಕ್ಸ್ ಕಾರ್ಡಿನ ಮೇಲೆ ಬೀಳುತ್ತಿತ್ತು. ಪಂಪು ಇನ್ನೂ ಗುಂಯ್‌ಗುಡುತ್ತಿತ್ತು. ಅಣ್ಣ ಬಟ್ಟೆ ಹಿಡಿದು ಮೇಜನ್ನು ಒರೆಸುತ್ತಿದ್ದ, ಬರೀ ಮೇಜನ್ನು. ಯಂತ್ರ ಕೊಂಡುಹೋಗಲು ಬಂದಿದ್ದ ಕಾರ್ಟೂನ್ ಚಿತ್ರಗಳ ನಿರ್ಮಾಪಕರು ಎರಡು ಹೆಜ್ಜೆ ಹಿಂದೆ ಸರಿದು ನಿಂತಿದ್ದರು. ತಂಗಿ ಓಡಿಹೋಗಿ ಪ್ಲಗ್ ಕಿತ್ತಳು, ಕಾರ್ಡಿನ ಮೇಲೆ ಒಣ ಟವೆಲ್ ಹೊದಿಸಿದಳು.

"ಮದರ್‌ಬೋರ್ಡಿಗೂ ಕರೆಂಟ್ ಕೊಟ್ಟಿದ್ಯಾ?"

"ಇಲ್ಲ ಪುಟ್ಟಿ, ಪಂಪಿಗೆ ಮಾತ್ರ. ನೀನು ಯಾವಾಗ್ಲೂ ಹಾಗೇ ತಾನೆ ಮಾಡೋದು..." ಎಂದವನು ನಾಲಿಗೆ ಕಚ್ಚಿಕೊಂಡ. "ಅಂದ್ರೆ, ಎಲ್ಲಾ ನೀನೇ ಜೋಡಿಸಿಟ್ಟು ಹೋಗಿದ್ಯಲ್ಲ. ನಾನು ಸ್ವಿಚ್ ಒತ್ತಿದೆ, ಅಷ್ಟೆ."

ಅವಳು ಜೋಡಿಸಿಟ್ಟು ಹೋಗಿರಲಿಲ್ಲ. ಹೊಸ ರೇಡಿಯೇಟರಿನ ಒಳಗಿನ ಕಸ ಹೋಗಲೆಂದು ಎರಡು ದಿನ ಅದಕ್ಕೆ ಬಿಸಿನೀರು ತುಂಬಿಸಿ, ಮಗು ತೂಗಿದಂತೆ ತೂಗಿ ಚೆಲ್ಲಿ, ಬೆಳಗ್ಗೆ ಬಟ್ಟೆಯ ಮೇಲೆ ಬೋರಲು ಹಾಕಿದ್ದಳು. "ಮಗಳ ಸ್ಕೂಲಿಗೆ ಹೋಗಿ ಬರ್ತೀನಿ, ಅಲ್ಲೀವರೆಗೂ ಮುಟ್ಬೇಡ" ಎಂದು ಹೇಳಿಯೂ ಹೋಗಿದ್ದಳು. ಬಂದ ಮೇಲೆ ಅದನ್ನು ಕೂರಿಸಬೇಕಿತ್ತು. ಆಮೇಲೆ ಪೈಪುಗಳ ಪ್ರತಿ ಕೀಲಿನ ಕೆಳಗೂ ಒಂದೊಂದು ತುಂಡು ಟಿಶ್ಯೂ ಕಾಗದ ಇಟ್ಟು, ಒಂದು ಇಡೀ ದಿನ ಪಂಪು ಮಾತ್ರ ಓಡಿಸಿ, ಕಾಗದಗಳೆಲ್ಲ ಒಣಗಿಯೇ ಇದ್ದರೆ ಗಿರಾಕಿಗೆ ಫೋನು. ಅವಳ ಕ್ರಮ ಅದು. ಇವನು ಮೊದಲು ಫೋನು ಮಾಡಿ, ಆಮೇಲೆ ಕೆಲಸಕ್ಕೆ ಕೈಹಾಕಿದ್ದ.

ಅವಳು ಪೈಪುಗಳ ಕೀಲುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡಿದಳು. ಎಲ್ಲವೂ ಒಣಗಿದ್ದವು. ಒದ್ದೆಯಾಗಿದ್ದದ್ದು ರೇಡಿಯೇಟರಿನ ಹೊಟ್ಟೆ. ಪಕ್ಕದಲ್ಲಿ ಎರಡು ಸ್ಕ್ರೂ ಪೊಟ್ಟಣಗಳು ಬಿದ್ದಿದ್ದವು. ರೇಡಿಯೇಟರನ್ನು ಪೆಟ್ಟಿಗೆಗೆ ಬಿಗಿಯುವ ಗಿಡ್ಡ ಸ್ಕ್ರೂಗಳ ಪೊಟ್ಟಣ ಒಡೆದೇ ಇರಲಿಲ್ಲ. ಫ್ಯಾನಿನ ದಪ್ಪವನ್ನು ದಾಟಿ ಹೋಗಬೇಕಾದ ಉದ್ದದ ಸ್ಕ್ರೂಗಳ ಪೊಟ್ಟಣ ಖಾಲಿ. ಫ್ಯಾನುಗಳು ಇನ್ನೂ ಡಬ್ಬಿಯಲ್ಲೇ ಇದ್ದವು. ನಡುವೆ ಫ್ಯಾನಿಲ್ಲದೆ ತಿರುಗಿಸಿದ ಉದ್ದದ ಸ್ಕ್ರೂ ಒಳಗೆ ಇಳಿದು ನೀರಿನ ಕೊಳವೆಯನ್ನೇ ಚುಚ್ಚಿತ್ತು. ಕೈಯಾರೆ ಮಾಡದೆ, ಬೆನ್ನ ಹಿಂದೆ ನಿಂತು ಐದು ವರ್ಷ ಬರೀ ನೋಡಿದವನು ಮಾಡುವ ತಪ್ಪು ಅದು.

"ನೋಡಮ್ಮ, ನಿಮ್ಮಣ್ಣ ಮಾಡ್ತಾರೆ ಅಂತ ನಂಬಿ ಆರ್ಡರ್ ಕೊಟ್ಟಿದ್ದು ನಾನು" ಎಂದರು ನಿರ್ಮಾಪಕರು. "ನೀವು ಕೈ ಹಾಕ್ತೀರ ಅಂತ ಗೊತ್ತಿದ್ರೆ ಕೊಡ್ತಾನೇ ಇರ್ಲಿಲ್ಲ."

"ಇನ್ನೂ ಕಲೀತಿದ್ದಾಳೆ ಸಾರ್, ಬೇಜಾರ್ ಮಾಡ್ಕೋಬೇಡಿ. ಈ ಸಲ ನಾನೇ ಕೂತು ಮಾಡಿಕೊಡ್ತೀನಿ."

ತಂಗಿಯ ಮೈಯೆಲ್ಲ ಉರಿದುಹೋಯಿತು. ಹೊಗಳಿಕೆ ಬಂದಾಗಲೆಲ್ಲ ಅವನ ಪಾಲಿಗೆ ಬಿಟ್ಟು ತುಟಿ ಪಿಟಕ್ಕೆನ್ನದೆ ಇದ್ದವಳು ಅವಳು. ಹೋಗಲಿ, ಅಣ್ಣ ತಾನೆ ಎಂದುಕೊಂಡಿದ್ದಳು. ಈಗ ಅವನ ತಪ್ಪನ್ನೂ ಅವಳೇ ಹೊರಬೇಕಂತೆ. ಅದೂ ನಗುನಗುತ್ತ ಹೇಳುತ್ತಾನೆ. ಕೂಗಾಡಿದರೆ ಗೆಲ್ಲುವವನು ಅವನೇ ಎಂಬುದು ಗೊತ್ತಿದ್ದುದರಿಂದ ಅವಳು ದನಿ ಏರಿಸಲಿಲ್ಲ.

"ಸಾರ್, ನಿಮ್ಮ ಸ್ನೇಹಿತರ ಆಫೀಸಲ್ಲಿ ನಮ್ಮ ಒಂದು ಕಂಪ್ಯೂಟರ್ ನೋಡಿ ಇಷ್ಟಪಟ್ಟು ಬಂದ್ರಲ್ಲ, ಅದನ್ನ ಕಟ್ಟಿದ್ದು ನಾನು. ಇಲ್ಲಿಂದ ಹೋಗಿರೋದೆಲ್ಲ ನಾನು ಕಟ್ಟಿದ್ದೇ. ಒಂದೂ ಸೋರಿಲ್ಲ. ಇವತ್ತು ಈ ರೇಡಿಯೇಟರ್ ಹಾಕಿರೋದು ನಮ್ಮಣ್ಣ."

ಅಣ್ಣ ನಕ್ಕ. "ಸಿಟ್ಟು ಬಂದ್ರೆ ಬಾಯಿಗೆ ಬಂದಿದ್ದು ಹೇಳ್ತಾಳೆ ಸಾರ್. ಮನೇಲೂ ಹೀಗೇನೇ."

ನಿರ್ಮಾಪಕರು ಇಬ್ಬರ ಮುಖವನ್ನೂ ಸರದಿಯಂತೆ ನೋಡಿದರು. ಯಾರನ್ನು ನಂಬಬೇಕೋ ಅವರಿಗೆ ತಿಳಿಯದಾಯಿತು.

"ಹಾಗಿದ್ರೆ ಜಗಳ ಯಾಕೆ" ಎಂದು ತಂಗಿ ಸ್ಕ್ರೂಡ್ರೈವರನ್ನು ಅಣ್ಣನ ಕೈಗೆ ಕೊಟ್ಟಳು. "ಐದು ವರ್ಷದಿಂದ ನೀನೇ ತಾನೆ ಮಾಡ್ತಿರೋದು? ಈಗಲೂ ನೀನೇ ಬಿಚ್ಚಿ ಸರಿ ಮಾಡು. ಒಳಗೆ ಇನ್ನೂ ಮುಕ್ಕಾಲು ಲೀಟರ್ ನೀರಿದೆ. ಕೂತ್ಕೊಳ್ಳಿ ಸಾರ್, ನೋಡೋಣ." ನಿರ್ಮಾಪಕರಿಗೆ ಒಂದು ಸ್ಟೂಲು ಎಳೆದುಕೊಟ್ಟು, ತಾನೂ ಒಂದರ ಮೇಲೆ ಕೈಕಟ್ಟಿ ಕೂತಳು.

ಅಣ್ಣ ತೋಳು ಮಡಿಸಿಕೊಂಡು ಪೆಟ್ಟಿಗೆಯೊಳಗೆ ಬಗ್ಗಿದ. ಒಂದು ಪೈಪು ಹಿಡಿದ, ಬಿಟ್ಟ. ಇನ್ನೊಂದರ ಕಡೆ ಕೈ ಚಾಚಿದವನು ಅರ್ಧಕ್ಕೇ ನಿಂತ. ನಿರ್ಮಾಪಕರು ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡರು. ಒಂದು ನಿಮಿಷವಾಯಿತು, ಎರಡಾಯಿತು. ಕೊನೆಗೆ ಅವನು ತಲೆ ಎತ್ತದೆಯೇ, ಮೆಲ್ಲಗೆ ಕೇಳಿದ:

"ಪುಟ್ಟಿ, ಮೊದಲು ಯಾವುದನ್ನ ಬಿಚ್ಚಬೇಕು?"