ಮಾತ್ರೆಯ ಬಣ್ಣ

"ಬಾಯಿ ತೆಗೀರಿ ಟೈಲರಮ್ಮ, ನಾಲಿಗೆ ಎತ್ತಿ," ಎಂದಳು ನರ್ಸ್. ಮಾತ್ರೆ ನುಂಗಿದ್ದು ಖಾತ್ರಿಯಾಗದೆ ಈ ಮಾನಸಿಕ ವಾರ್ಡಿನಲ್ಲಿ ಯಾರನ್ನೂ ಬಿಡುವಂತಿಲ್ಲ. ಬಾಯೇನೋ ಖಾಲಿಯಿತ್ತು. ಆದರೆ ಆ ಗುಲಾಬಿ ಮಾತ್ರೆ ನುಂಗಿದವರ ನಾಲಿಗೆಗೆ ಬಣ್ಣ ಹತ್ತದೆ ಇರದು. ಟೈಲರಮ್ಮನ ನಾಲಿಗೆ ಬೆಳ್ಳಗಿತ್ತು.

ಇಷ್ಟು ದಿನ ಬಾಯಿ ಖಾಲಿಯಿದೆಯೇ ಎಂದಷ್ಟೇ ನೋಡುತ್ತಿದ್ದ ನರ್ಸ್ ಬಣ್ಣ ಗಮನಿಸಿದ್ದು ಇವತ್ತೇ. ನೀರು ಬಗ್ಗಿಸಲೆಂದು ದಿನವೂ ಅವಳು ಬೆನ್ನು ತಿರುಗಿಸುತ್ತಿದ್ದಳು. ಹೊಲಿಗೆ ಸೂಜಿ ಹಿಡಿದು ಪಳಗಿದ ಟೈಲರಮ್ಮನ ಕೈಗೆ ಅಷ್ಟೇ ಸಾಕಾಗಿತ್ತು. ಪಕ್ಕದ ಹಾಸಿಗೆಯಲ್ಲಿ, ಬಂದಾಗಿನಿಂದ ತುಟಿ ಪಿಟಕ್ಕೆನ್ನದ ಅಜ್ಜಿ ಎಂದಿನಂತೆ ತಾನೂ ಬಾಯಿ ತೆರೆದು ಕೂತಿದ್ದಳು. ನರ್ಸ್ "ಸಾಕು" ಅನ್ನುವವರೆಗೆ ಮುಚ್ಚುತ್ತಲೇ ಇರಲಿಲ್ಲ. ವಾರ್ಡಿಗೆಲ್ಲ ಅದೊಂದು ತಮಾಷೆ. ಈಗ ಬಗ್ಗಿ ನೋಡಿದರೆ, ಅಜ್ಜಿಯ ನಾಲಿಗೆ ಗುಲಾಬಿ.

"ಅಯ್ಯೋ, ಇವರಿಗ್ಯಾಕೆ ಕೊಟ್ರಿ? ನಿಮ್ಮ ಕಿವೀಲಿ ಯಾರೋ ಕೂಗ್ತಾರೆ ಅಂತಿದ್ರಲ್ಲ, ಅದು ನಿಂತಿದ್ದು ಈ ಮಾತ್ರೆಯಿಂದ್ಲೇ ಅಲ್ವಾ?"

"ಮಾತ್ರೆಯಿಂದ್ಲೇ ಕಣಮ್ಮ," ಟೈಲರಮ್ಮ ದನಿ ತಗ್ಗಿಸಿದಳು. "ನಾನು ನುಂಗ್ತಿದ್ದಾಗ ನಿಲ್ಲಲೇ ಇಲ್ಲ. ಅಜ್ಜಿಗೆ ಕೊಡೋಕೆ ಶುರು ಮಾಡಿದೆ, ನಿಂತುಹೋಯ್ತು. ಕೂಗ್ತಾ ಇದ್ದಿದ್ದು ಇವರೇ."

ಯಾರೂ "ಸಾಕು" ಅನ್ನದೆಯೇ, ಅಜ್ಜಿ ಮೆಲ್ಲಗೆ ಬಾಯಿ ಮುಚ್ಚಿಕೊಂಡಳು.