ಕದ್ದ ಗೆಡ್ಡೆ

ಪಕ್ಕದ ಮನೆಯ ಟೀಚರ್ ತಮ್ಮ ಒಣ ಹಿತ್ತಲಲ್ಲಿ ಅಜ್ಜಿಯ ಕಾಲದ ನೀಲಿ ಐರಿಸ್ ಹೂವಿನ ಗಿಡಗಳನ್ನು ಉಳಿಸಿಕೊಂಡಿದ್ದರು. ಅರ್ಧ ಗೆಡ್ಡೆ ಮಣ್ಣಿನ ಮೇಲೇ ಕೂತು ಬಿಸಿಲು ಕಾಯಿಸುವ, ಯಾರಲ್ಲೂ ನೀರು ಕೇಳದ ಗಿಡ ಅದು. ಟೀಚರ್ ಕೂಡ ಹಾಗೆಯೇ, ಯಾರನ್ನೂ ಏನನ್ನೂ ಕೇಳಿದವರಲ್ಲ. ಪಕ್ಕದಲ್ಲೇ ಒಂಟಿಯಾಗಿದ್ದ ಮುದಿ ಕಾಂಪೌಂಡರ್ ಮನೆಗೆ ಅವರು ಬರುತ್ತಿದ್ದದ್ದು ವರ್ಷಕ್ಕೊಮ್ಮೆ, ಗೆಡ್ಡೆಯೊಂದು ಕಳುವಾದ ದಿನ ಮಾತ್ರ. ಉಳಿದ ದಿನ ಆ ಬಾಗಿಲು ತಟ್ಟುವವರೇ ಇರಲಿಲ್ಲ.

ಆ ಬೆಳಿಗ್ಗೆ ಕಾಂಪೌಂಡರ್ ಎಂದಿಗಿಂತ ಹೆಚ್ಚು ಹಾಲು ತಂದು, ಎರಡು ಲೋಟ ತೊಳೆದಿಟ್ಟು ಕೂತಿದ್ದರು. ಹತ್ತು ಗಂಟೆಯ ಹೊತ್ತಿಗೆ ಗೇಟು ಸದ್ದಾಯಿತು.

"ಈ ವರ್ಷಾನೂ ಒಂದು ಹೋಯ್ತು ಕಾಂಪೌಂಡರ್ರೇ."

"ಕದ್ದು ನೆಟ್ಟ ಗಿಡ ಚೆನ್ನಾಗಿ ಬರುತ್ತೆ ಅಂತಾರಲ್ಲ ಟೀಚರ್, ಅದಕ್ಕೇ ಯಾರೋ ಒಯ್ದಿರ್ತಾರೆ. ಕೂತ್ಕೊಳ್ಳಿ, ಕಾಫಿ ಮಾಡ್ತೀನಿ."

"ಇಷ್ಟು ವರ್ಷ ಆಯ್ತು, ಯಾರ ಹಿತ್ತಲಲ್ಲೂ ಒಂದು ಹೂ ಕಾಣ್ಲಿಲ್ಲ."

ಕಾಂಪೌಂಡರ್ ಹಾಲು ಕಾಯಿಸಿದರು. ಇಬ್ಬರೂ ನಿಧಾನವಾಗಿ ಕಾಫಿ ಕುಡಿದರು. ಹೊರಟ ಟೀಚರ್ ಗೇಟಿನ ಹತ್ತಿರ ತಿರುಗಿ ನಿಂತರು.

"ಒಂದ್ಸಲ ಹೂ ಬಿಟ್ಟ ತಾಯಿಗೆಡ್ಡೆ ಮತ್ತೆ ಹೂ ಬಿಡಲ್ಲ. ಬರೋ ವರ್ಷ ಅದರ ಪಕ್ಕದ ಮರಿಗೆಡ್ಡೆ ಕಿತ್ಕೊಳ್ಳಿ."