ಗರಗಸದ ಹಲ್ಲು

ಅಕ್ಕ ಮೋಸ ಮಾಡಿಯೇ ಗೆಲ್ಲುತ್ತಾಳೆ ಎಂದು ನಿರಂಜನ ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಬರೆದೇಬಿಟ್ಟ. ಇಬ್ಬರೂ ತಂತಮ್ಮ ಮನೆಯಿಂದಲೇ ಎದುರುಬದುರಾಗಿ ಆಡುವ ಹಳೆಯ ಕಂಪ್ಯೂಟರ್ ಆಟದಲ್ಲಿ ಅವನು ಎಷ್ಟು ದೂರದ ಪೊದೆಯಲ್ಲಿ ಅವಿತರೂ ಅವಳ ಗುಂಡು ನೇರ ಅವನ ತಲೆಗೇ ಬೀಳುತ್ತಿತ್ತು.

ಅಕ್ಕ ಫೋನಿನಲ್ಲೇ ಉರಿದುಬಿದ್ದಳು. "ಬಾರೋ, ಬಂದು ನನ್ನ ಕಂಪ್ಯೂಟರ್ ಜಾಲಾಡು. ಮೋಸ ಸಿಗದಿದ್ರೆ ಅದೇ ಗುಂಪಲ್ಲಿ ತಪ್ಪಾಯ್ತು ಅಂತ ಬರೀಬೇಕು."

ಲ್ಯಾಪ್‌ಟಾಪ್ ಹೊತ್ತು ಅವಳ ಮನೆಗೆ ಬಂದವನು ಅವಳ ಕಂಪ್ಯೂಟರಿನ ಮೂಲೆಮೂಲೆ ಹುಡುಕಿದ. ಏನೂ ಸಿಗಲಿಲ್ಲ. ಆ ಸಿಟ್ಟನ್ನು ಅವಳ ಪರದೆಯ ಮೇಲೆ ತೀರಿಸಿಕೊಂಡ.

"ಥೂ, ಇದೂ ಒಂದು ಚಿತ್ರಾನಾ? ಗೆರೆಗಳೆಲ್ಲ ಗರಗಸದ ಹಲ್ಲಿದ್ದ ಹಾಗಿವೆ!"

"ಮುಟ್ಟಬೇಡ ಅದನ್ನ."

ಮುಟ್ಟಿಯೇ ಮುಟ್ಟಿದ. ಅಂಚು ನಯಗೊಳಿಸುವ ಆಯ್ಕೆ ಆಟದೊಳಗೆ ಇರಲಿಲ್ಲ. ಗ್ರಾಫಿಕ್ಸ್ ಡ್ರೈವರ್‌ನ ಸೆಟ್ಟಿಂಗ್ಸ್ ತೆರೆದು ಆ್ಯಂಟಿ-ಅಲಿಯಾಸಿಂಗ್ ಎಂಬ ಅದೇ ಆಯ್ಕೆಯನ್ನು ತುತ್ತತುದಿಗೆ ಏರಿಸಿದ. ಗೆರೆಗಳು ಬೆಣ್ಣೆಯಂತಾದವು.

ಆಮೇಲೆ ಹಾಲ್‌ನಲ್ಲಿ ತನ್ನ ಲ್ಯಾಪ್‌ಟಾಪ್ ಹಿಡಿದು ಕೂತು, ಕೋಣೆಯಲ್ಲಿದ್ದ ಅಕ್ಕನ ವಿರುದ್ಧ ಆಡಿದ. ಅದೇ ಪೊದೆಯಲ್ಲೇ ಅವಿತ. ಅಕ್ಕ ಹುಡುಕಿ ಹುಡುಕಿ ಸೋತಳು.

"ನೋಡಿದ್ಯಾ? ನಾನು ಮನೇಲಿದ್ರೆ ನಿನ್ನ ಮೋಸ ನಡೆಯಲ್ಲ!"

ಅಕ್ಕ ಹಲ್ಲು ಕಚ್ಚಿಕೊಂಡು ಅವನು ಬದಲಿಸಿದ್ದನ್ನೆಲ್ಲ ಮೊದಲಿನಂತೆ ಮಾಡಿದಳು. "ಇನ್ನೊಂದು ಸಲ ಅವಿತ್ಕೋ."

ಅವಿತ. ಸರಿಯಾಗಿ ಕೂರುವಷ್ಟರಲ್ಲಿ ಗುಂಡು ಬಿತ್ತು. ಅವನು ಲ್ಯಾಪ್‌ಟಾಪ್ ಕುಕ್ಕಿ, ಅವಳ ಕೋಣೆಗೆ ನುಗ್ಗಿದ. "ಹೇಗೆ? ಅದನ್ನ ಹೇಳು ಮೊದಲು!"

"ನೀನು ಅಲ್ಲಾಡಿದಾಗೆಲ್ಲ ಪೊದೆಯೊಳಗೆ ನಿನ್ನ ಬಂದೂಕಿನ ನಳಿಗೆ ಗರಗಸದ ಹಲ್ಲಾಗಿ ಮಿಣಮಿಣ ಅಂತಿತ್ತು ಕಣೋ," ಎಂದು ಅವನ ಫೋನನ್ನು ಅವನ ಕೈಗೇ ತುರುಕಿದಳು. "ತಪ್ಪಾಯ್ತು ಅಂತ ಬರಿ, ಆಮೇಲೆ ಬೇಕಾದ್ರೆ ಮತ್ತೆ ನನ್ನ ಗೆರೆಗಳಿಗೆ ಬೆಣ್ಣೆ ಹಚ್ಚಿ ಗೆದ್ಕೋ."